ಇಂಜೆಕ್ಷನ್ ಹೊಸದು, ಗುಳಿಗೆ ಹಳೇದು

ನಮಸ್ಕಾರ, ದಾವಣಗೆರೆಯಿಂದ ಮಾತಾಡುತ್ತಿದ್ದೇನೆ. ಇವತ್ತು ನಮ್ಮ ಚಿಕ್ಕಪ್ಪನ ಮನೆಯಲ್ಲಿ ನಡೆದ ಒಂದು ವಿಷಯ ಹೇಳಬೇಕು. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. "ಹೇಳಪ್ಪಾ, ನಾಲ್ಕು ಜನಕ್ಕೆ ಗೊತ್ತಾಗಲಿ" ಅಂದರು.

ಚಿಕ್ಕಪ್ಪನಿಗೆ 58 ವರ್ಷ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇದೆ. ಹನ್ನೊಂದು ವರ್ಷದಿಂದ ಶುಗರ್. ದಿನಾ ಬೆಳಿಗ್ಗೆ ಎದ್ದು ಗುಳಿಗೆ ನುಂಗಿ, ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು ನಡೆದು ಬಂದು, ಆಮೇಲೆ ತಿಂಡಿ. ಅವತ್ತು ನಡೆದು ಬಂದವರು ಒಳಗೆ ಬರಲೇ ಇಲ್ಲ. ಮನೆ ಮುಂದಿನ ಕಟ್ಟೆ ಮೇಲೆ ಕೂತುಬಿಟ್ಟರು. ಚಿಕ್ಕಮ್ಮ ಹೋಗಿ ನೋಡಿದರೆ ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿದೆ. ಆ ಚಳಿಯಲ್ಲಿ ಅಷ್ಟು ಬೆವರು. "ಚಹಾ ಕೊಡ್ಲಾ?" ಅಂದರೆ "ಲಾರಿ ಬಂತಾ?" ಅನ್ನುತ್ತಾರೆ. ದೃಷ್ಟಿ ಎಲ್ಲೋ ಇದೆ.

ಪಕ್ಕದ ಮನೆಯವರು ಬಿಪಿ ಏರಿದೆ ಅಂದರು. ಇನ್ನೊಬ್ಬರು ಮಜ್ಜಿಗೆ ಕೊಡಿ ಅಂದರು. ನನ್ನ ತಂಗಿ, ಅಂದರೆ ಚಿಕ್ಕಪ್ಪನ ಮಗಳು, ಗ್ಲುಕೋಮೀಟರ್ ತಂದು ಬೆರಳು ಚುಚ್ಚಿದಳು. 46 ತೋರಿಸಿತು.

70ಕ್ಕಿಂತ ಕೆಳಗೆ ಹೋದರೆ ಲೋ ಶುಗರ್. 54ಕ್ಕಿಂತ ಕೆಳಗೆ ಅಂದರೆ ಮೆದುಳಿಗೇ ಸಕ್ಕರೆ ಸಾಲುತ್ತಿಲ್ಲ ಅಂತ ಅರ್ಥ. ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿದಳು. ಹದಿನೈದು ನಿಮಿಷ ಬಿಟ್ಟು ನೋಡಿದರೆ 61. ಮತ್ತೆ ಮೂರು ಚಮಚ. ಆಗ 88ಕ್ಕೆ ಬಂತು. ಚಿಕ್ಕಪ್ಪ ಸುತ್ತ ನೋಡಿ "ಯಾಕೆ ಎಲ್ಲಾ ಸೇರೀರಿ?" ಅಂತ ಕೇಳಿದರು.

ಆಗಿದ್ದು ಇಷ್ಟೇ. ಐದು ವಾರದ ಹಿಂದೆ ತೂಕ ಇಳಿಸುವ ಇಂಜೆಕ್ಷನ್ ಶುರು ಮಾಡಿದ್ದರು. ಅದನ್ನು ಬರೆದುಕೊಟ್ಟ ಡಾಕ್ಟರ್ ಬೇರೆ, ಹನ್ನೊಂದು ವರ್ಷದಿಂದ ಶುಗರ್ ನೋಡುತ್ತಿರುವ ಡಾಕ್ಟರ್ ಬೇರೆ. ಹೊಸಬರು "ಶುಗರ್ ಇದೆಯಾ?" ಅಂತ ಕೇಳಿದ್ದರು. ಇವರು "ಇದೆ, ಗುಳಿಗೆ ತಗೊಳ್ತೀನಿ" ಅಂದಿದ್ದರು. ಮಾತು ಅಲ್ಲಿಗೇ ನಿಂತಿತು. ಯಾವ ಗುಳಿಗೆ ಅಂತ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ತೂಕದ ಇಂಜೆಕ್ಷನ್ ಅಂತ ನಾವು ಕರೆಯುವುದು ಮೂಲದಲ್ಲಿ ಶುಗರ್ ಔಷಧಿಯೇ. ಇವುಗಳಲ್ಲಿ ಒಂದಾದ ಸೆಮಾಗ್ಲುಟೈಡ್‌ಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಸಕ್ಕರೆ ಕಾಯಿಲೆಗೆ, ಓಜೆಂಪಿಕ್ ಅನ್ನುವ ಹೆಸರಲ್ಲಿ. ಅದೇ ಔಷಧಿ ತೂಕಕ್ಕೆ ಅಂತ ವೆಗೋವಿ ಆಗಿದ್ದು 2021ರಲ್ಲಿ. ನಮ್ಮ ದೇಶಕ್ಕೆ ಇದೇ ಥರದ ಇನ್ನೊಂದು ಇಂಜೆಕ್ಷನ್ ಮೌಂಜಾರೋ 2025ರ ಮಾರ್ಚ್‌ನಲ್ಲಿ ಬಂತು, ವೆಗೋವಿ ಜೂನ್‌ನಲ್ಲಿ. ನಾವು ಮಾತ್ರ ತಲೆಯಲ್ಲಿ ಎರಡು ಡಬ್ಬಿ ಇಟ್ಟುಕೊಂಡಿದ್ದೇವೆ. ಇದು ತೂಕದ್ದು, ಅದು ಶುಗರಿಂದು. ಚಿಕ್ಕಪ್ಪನೂ ಹಾಗೇ ಅಂದುಕೊಂಡಿದ್ದರು. ಅವರ ತಪ್ಪು ಅಂತ ನಾನು ಒಪ್ಪುವುದಿಲ್ಲ. ಅವರಿಗೆ ಮೆಕ್ಕೆಜೋಳದ ತೇವಾಂಶ ಗೊತ್ತು, ಗುಳಿಗೆಯೊಳಗೆ ಏನಿದೆ ಅಂತ ಹೇಗೆ ಗೊತ್ತಿರಬೇಕು?

ಅವರ ಗುಳಿಗೆಯಲ್ಲಿ ಗ್ಲಿಮೆಪಿರೈಡ್ ಇತ್ತು. ಮೆಟ್‌ಫಾರ್ಮಿನ್ ಜೊತೆ ಸೇರಿಸಿ ಒಂದೇ ಗುಳಿಗೆ ಮಾಡಿರುತ್ತಾರೆ, ನಮ್ಮಲ್ಲಿ ತುಂಬಾ ಜನ ಅದನ್ನೇ ತಗೊಳ್ಳುತ್ತಾರೆ. ಈ ಗ್ಲಿಮೆಪಿರೈಡ್ ಕೆಲಸ ಮಾಡುವ ರೀತಿ ಗೊತ್ತಿರಲೇಬೇಕು. ಅದು ಮೇದೋಜೀರಕ ಗ್ರಂಥಿಯನ್ನು ಒತ್ತಿ ಇನ್ಸುಲಿನ್ ಹೊರಗೆ ಬಿಡಿಸುತ್ತದೆ. ನೀವು ಉಂಡಿದ್ದೀರಾ, ರಕ್ತದಲ್ಲಿ ಸಕ್ಕರೆ ಇದೆಯಾ, ಅದು ನೋಡುವುದಿಲ್ಲ. ಹೊಸ ಇಂಜೆಕ್ಷನ್ ಹಾಗಲ್ಲ, ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಬಿಡಿಸುತ್ತದೆ. ಹಾಗಾಗಿ ಒಂಟಿಯಾಗಿ ತಗೊಂಡರೆ ಲೋ ಶುಗರ್ ಆಗುವುದು ಕಡಿಮೆ. ಆದರೆ ಅದು ಹಸಿವು ಕಡಿಮೆ ಮಾಡುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಮೂರು ರೊಟ್ಟಿ ತಿನ್ನುತ್ತಿದ್ದ ಚಿಕ್ಕಪ್ಪ ಹಿಂದಿನ ರಾತ್ರಿ ಅರ್ಧ ರೊಟ್ಟಿಗೇ ಸಾಕು ಅಂದು ಎದ್ದಿದ್ದರು. ಗುಳಿಗೆ ಮಾತ್ರ ಮೂರು ರೊಟ್ಟಿಯ ಲೆಕ್ಕದ್ದು.

ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಅದಕ್ಕೇ ಈ ಇಂಜೆಕ್ಷನ್ ಶುರು ಮಾಡುವಾಗ ಗ್ಲಿಮೆಪಿರೈಡ್, ಅದೇ ಜಾತಿಯ ಗ್ಲಿಕ್ಲಜೈಡ್, ಇನ್ಸುಲಿನ್ ಇದ್ದರೆ ಡೋಸ್ ಇಳಿಸಬೇಕಾ, ಗುಳಿಗೆ ನಿಲ್ಲಿಸಬೇಕಾ ಅಂತ ಡಾಕ್ಟರ್ ಮೊದಲೇ ನೋಡಬೇಕು. ಎಷ್ಟು ಇಳಿಸಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಈ ವಿಡಿಯೋ ನೋಡಿ ನೀವೇ ನಿಲ್ಲಿಸಬೇಡಿ, ದಯವಿಟ್ಟು. ಇನ್ಸುಲಿನ್ ಏಕಾಏಕಿ ಬಿಟ್ಟು ಜೀವಕ್ಕೇ ಕುತ್ತು ತಂದುಕೊಳ್ಳುವುದೂ ಇದೆ.

ಆಸ್ಪತ್ರೆಯ ಮಾತು ಹೇಳುತ್ತೇನೆ. ಶುಗರ್ 88ಕ್ಕೆ ಬಂದ ಮೇಲೂ ಕರೆದುಕೊಂಡು ಹೋಗಿದ್ದೇ ಒಳ್ಳೆಯದಾಯಿತು. ಗ್ಲಿಮೆಪಿರೈಡ್ ಮೈಯಲ್ಲಿ ಇಡೀ ದಿನ ಕೆಲಸ ಮಾಡುತ್ತದೆ, ಏರಿದ ಶುಗರ್ ಮತ್ತೆ ಬೀಳಬಹುದು. ಮಾರನೇ ದಿನದವರೆಗೂ ಇಟ್ಟುಕೊಂಡರು. ಅಲ್ಲಿ "ಯಾವ ಗುಳಿಗೆ?" ಅಂತ ಕೇಳಿದಾಗ ಚಿಕ್ಕಮ್ಮ ಬಿಸ್ಕತ್ ಡಬ್ಬಿಯನ್ನೇ ಟೇಬಲ್ ಮೇಲೆ ಇಟ್ಟರು. ಅದರೊಳಗೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್‌ಗಳು. ಮೆಡಿಕಲ್‌ನಲ್ಲಿ ಹತ್ತು ದಿನಕ್ಕೆ ಅಂತ ಅರ್ಧ ಕತ್ತರಿಸಿ ಕೊಡುತ್ತಾರಲ್ಲ, ಹೆಸರಿದ್ದ ಕಡೆ ಅಂಗಡಿಯಲ್ಲೇ ಉಳಿದಿತ್ತು. ಇವರ ತುಂಡಿನ ಹಿಂದೆ "ಪಿರೈಡ್ 2" ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ಆ 2 ಅಂದರೆ 2 ಮಿಲಿಗ್ರಾಂ ಗ್ಲಿಮೆಪಿರೈಡ್. ನೀವೂ ಇವತ್ತು ರಾತ್ರಿ ನಿಮ್ಮ ಸ್ಟ್ರಿಪ್ ತಿರುಗಿಸಿ ನೋಡಿ. ಕಂಪನಿ ಇಟ್ಟ ಹೆಸರು ಬೇರೆ, ಒಳಗಿರುವ ಔಷಧಿಯ ಹೆಸರು ಬೇರೆ. ನೋಡಬೇಕಾದ್ದು ಔಷಧಿಯ ಹೆಸರು.

ಉಳಿದವು ಬೇಗ ಹೇಳಿಬಿಡುತ್ತೇನೆ. ಹೆಸರಿನ ಕೊನೆಗೆ "ಗ್ಲಿಪ್ಟಿನ್" ಅಂತ ಇದ್ದರೆ, ಅಂದರೆ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಈ ಇಂಜೆಕ್ಷನ್ ಜೊತೆ ಅದರಿಂದ ಹೆಚ್ಚಿನ ಲಾಭ ಇಲ್ಲ. ಎರಡರದ್ದೂ ಒಂದೇ ದಾರಿ. ಸುಮ್ನೆ ದುಡ್ಡು ದಂಡ, ಡಾಕ್ಟರನ್ನು ಕೇಳಿ. "ಗ್ಲಿಫ್ಲೋಜಿನ್" ಅಂತ ಇದ್ದರೆ ವಾಂತಿ, ಭೇದಿ ಆದ ದಿನ ಜಾಗ್ರತೆ. ಅದು ಮೂತ್ರದಲ್ಲಿ ಸಕ್ಕರೆ, ನೀರು ಎರಡನ್ನೂ ಹೊರಗೆ ಹಾಕುತ್ತದೆ. ಊಟ ಸೇರದೆ ಹೊಟ್ಟೆ ಖಾಲಿ ಇದ್ದಾಗ ಶುಗರ್ ಜಾಸ್ತಿ ಇಲ್ಲದೆಯೂ ರಕ್ತ ಆಮ್ಲವಾಗುವ ಅಪಾಯ ಇದೆ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತಗೊಳ್ಳುವವರಿಗೆ ಲೋ ಆದರೆ ಕೈ ನಡುಕ, ಎದೆ ಬಡಿತ ಗೊತ್ತಾಗದೇ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಕಣ್ಣಿನ ಪರದೆಗೆ ಮೊದಲೇ ತೊಂದರೆ ಇದ್ದವರಿಗೆ ಶುಗರ್ ಬೇಗ ಇಳಿದರೆ ಅದು ಹೆಚ್ಚಾಗಬಹುದು, ಶುರು ಮಾಡುವ ಮುಂಚೆ ಕಣ್ಣು ತೋರಿಸಿ.

ಇನ್ನೊಂದು ಮಾತು, ನಮ್ಮ ಊರಿಗೇ ಹೇಳಬೇಕಾದ್ದು. ಅವತ್ತು ಒಬ್ಬರು "ಬೆಣ್ಣೆ ದೋಸೆ ತರಿಸ್ರೀ, ಸರಿ ಹೋಗ್ತಾರೆ" ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಬೆಣ್ಣೆ ಇದ್ದರೆ ಸಕ್ಕರೆ ರಕ್ತಕ್ಕೆ ಸೇರುವುದು ಇನ್ನೂ ತಡ. ಚಾಕೊಲೇಟ್ ಕೂಡ ಹಾಗೇ. ಮೊದಲು ಸಕ್ಕರೆ ನೀರು ಇಲ್ಲ ಗ್ಲೂಕೋಸ್ ಪುಡಿ, ಊಟ ತಿಂಡಿ ಆಮೇಲೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಸೋಮವಾರ ಉಪವಾಸ ಮಾಡುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಊಟ ಬಿಟ್ಟು, ಗುಳಿಗೆ ತಪ್ಪಿಸಬಾರದು ಅಂತ ಗ್ಲಿಮೆಪಿರೈಡ್ ನುಂಗುತ್ತಾರೆ. ಅದಕ್ಕೆ ಈ ಇಂಜೆಕ್ಷನ್ ಬೇರೆ ಸೇರಿದರೆ? ಉಪವಾಸದ ದಿನ ಗುಳಿಗೆ ಹೇಗೆ ಅಂತ ಮೊದಲೇ ಕೇಳಿ ಇಟ್ಟುಕೊಳ್ಳಿ.

ನಾನು ಇಂಜೆಕ್ಷನ್‌ಗೆ ವಿರೋಧ ಇಲ್ಲ. ಐದು ವಾರದಲ್ಲಿ ಚಿಕ್ಕಪ್ಪನ ಮಂಡಿ ನೋವು ಕಡಿಮೆ ಆಗಿತ್ತು, ಮೆಟ್ಟಿಲು ಹಿಡಿಯದೆ ಹತ್ತುತ್ತಿದ್ದರು. ನನ್ನ ಬೇಡಿಕೆ ಬರೆದುಕೊಡುವವರಿಗೆ. "ಗುಳಿಗೆ ತಗೊಳ್ತೀರಾ?" ಅನ್ನುವ ಪ್ರಶ್ನೆ ಸಾಲದು. "ಮನೆಯಲ್ಲಿರುವ ಎಲ್ಲಾ ಗುಳಿಗೆ ತಂದು ತೋರಿಸಿ, ಆಮೇಲೆ ಮೊದಲ ಇಂಜೆಕ್ಷನ್" ಅನ್ನಿ. ವಾರಕ್ಕೊಮ್ಮೆ ಚುಚ್ಚುವ ಔಷಧಿ ಇದು, ಒಳಗೆ ಹೋದ ಮೇಲೆ ವಾರಗಟ್ಟಲೆ ಮೈಯಲ್ಲೇ ಇರುತ್ತದೆ. ಒಂದು ದಿನ ತಡವಾದರೆ ಏನೂ ಕಳೆದುಹೋಗುವುದಿಲ್ಲ.

ಚಿಕ್ಕಪ್ಪನ ಗ್ಲಿಮೆಪಿರೈಡ್ ನಿಲ್ಲಿಸಿದ್ದಾರೆ. ಮೆಟ್‌ಫಾರ್ಮಿನ್ ಇದೆ, ಇಂಜೆಕ್ಷನ್ ಮುಂದುವರಿದಿದೆ, ಈಗ ಇಬ್ಬರು ಡಾಕ್ಟರಿಗೂ ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತು. ಬಿಸ್ಕತ್ ಡಬ್ಬಿಯ ಮುಚ್ಚಳದ ಒಳಗಡೆ ತಂಗಿ ಒಂದು ಹಾಳೆ ಅಂಟಿಸಿದ್ದಾಳೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಔಷಧಿಗಳ ಹೆಸರು. ಮೇಲೆ "ಶುಗರ್" ಅಂತ ಬರೆದು ಗೆರೆ ಎಳೆದಿದ್ದಾಳೆ. ಅದರ ಕೆಳಗೆ ಮೊದಲ ಹೆಸರೇ ಇಂಜೆಕ್ಷನ್‌ದು.