ಧಾರವಾಡದಲ್ಲಿ ಓದಿದವರಿಗೆ ಇಲ್ಲೊಂದು ಬಳಗ

ಕೇಳುಗರಿಗೆ ನಮಸ್ಕಾರ.

ಮೈಸೂರು, ಮಂಡ್ಯ ಕಡೆ ಧಾರವಾಡದಲ್ಲಿ ಓದಿದವರು ಎಷ್ಟೋ ಜನ ಇದ್ದಾರೆ. ವರ್ಗವಾಗಿ ಬಂದ ಬ್ಯಾಂಕಿನವರು, ಕೃಷಿ ಇಲಾಖೆಯವರು, ಕಾಲೇಜು ಮೇಷ್ಟ್ರುಗಳು, ಮದುವೆಯಾಗಿ ಬಂದವರು. ನಾನೂ ಅವರಲ್ಲೊಬ್ಬಳು. ಓದಿದ ಕಾಲೇಜಿನಲ್ಲಿ ಹಳೆ ವಿದ್ಯಾರ್ಥಿಗಳ ಸಮ್ಮೇಳನ ನಡೆಯುತ್ತದೆ, ಕರೆಯೂ ಬರುತ್ತದೆ. ಹೋಗುವುದು ಹೇಗೆ? ಇಲ್ಲಿಂದ ರಾತ್ರಿಯಿಡೀ ರೈಲು. ಬೆಳಿಗ್ಗೆ ಇಳಿದು ಸಮಾರಂಭ ಮುಗಿಸಿದರೆ ಮತ್ತೆ ರಾತ್ರಿ ರೈಲು, ಇಳಿದ ಕೂಡಲೇ ಡ್ಯೂಟಿ. ಮಂಡಿ ನೋವಿನ ಹಿರಿಯರಿಗೆ, ಕೈಗೂಸಿರುವ ತಾಯಂದಿರಿಗೆ ಇದು ಆಗುವ ಮಾತಲ್ಲ. ಹಾಗಾಗಿ ನಮ್ಮದೇ ಒಂದು ಬಳಗ ಇಲ್ಲೇ ಆಗಬೇಕು.

ಯಾವ ಕಾಲೇಜಿನವರ ಬಳಗ ಅಂತ ಮೊದಲು ಕೇಳುತ್ತಾರೆ. ಧಾರವಾಡದಲ್ಲಿ 1917ರ ಕರ್ನಾಟಕ ಕಾಲೇಜಿದೆ. 1947ರ ಕೃಷಿ ಕಾಲೇಜಿದೆ. 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಆ ಊರಿನಲ್ಲೇ ಇರುವವರು ಕಾಲೇಜಿಗೊಂದು, ಬ್ಯಾಚಿಗೊಂದು ಗುಂಪು ಮಾಡಿಕೊಂಡರೂ ನಡೆಯುತ್ತದೆ, ಜನಕ್ಕೆ ಕೊರತೆಯಿಲ್ಲ. ಇಲ್ಲಿ ಹಾಗೆ ಮಾಡಿದರೆ ಒಂದೊಂದು ಗುಂಪಿಗೆ ಮೂರ್ನಾಲ್ಕು ಜನ ಉಳಿಯುತ್ತಾರೆ, ಒಬ್ಬರಿಗೆ ವರ್ಗವಾದರೆ ಮುಗಿಯಿತು. ಅದಕ್ಕೇ ನಾನು ಹೇಳುವುದು, ಧಾರವಾಡದಲ್ಲಿ ಓದಿದವರೆಲ್ಲ ಬರಲಿ. ಪದವಿ ಪಡೆದವರೂ ಬರಲಿ, ಮನೆ ಕಷ್ಟಕ್ಕೆ ಅರ್ಧಕ್ಕೆ ಬಿಟ್ಟವರೂ ಬರಲಿ.

ಜನರನ್ನು ಹುಡುಕುವುದೇ ದೊಡ್ಡ ಕೆಲಸ. ಫೋನ್ ನಂಬರುಗಳ ಪಟ್ಟಿ ಕೊಡಿ ಅಂತ ಕಾಲೇಜನ್ನು ಕೇಳಬೇಡಿ. ಒಬ್ಬರ ನಂಬರನ್ನು ಅವರಿಗೆ ಹೇಳದೆ ಇನ್ನೊಬ್ಬರಿಗೆ ಕೊಡುವುದು ತಪ್ಪು, ಅಲ್ವಾ? ಬದಲಿಗೆ ನಾವೊಂದು ಪತ್ರ ಬರೆದು, ಇದನ್ನು ನಮ್ಮ ಕಡೆ ಇರುವವರಿಗೆ ನೀವೇ ಕಳಿಸಿಕೊಡಿ ಎನ್ನಬೇಕು. ಇಷ್ಟವಿದ್ದವರು ತಾವಾಗಿ ಫೋನ್ ಮಾಡುತ್ತಾರೆ. ಈಗ ಕಾಲೇಜುಗಳಿಗೂ ಇದು ಬೇಕಾಗಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆ ವಿದ್ಯಾರ್ಥಿಗಳ ಸಂಘ ಏನು ಮಾಡಿದೆ ಎಂಬುದನ್ನೂ ನೋಡುತ್ತಾರೆ.

ಆದರೆ ಹೆಣ್ಣುಮಕ್ಕಳು ಹೀಗೆ ಸಿಗುವುದು ಕಷ್ಟ. ಕಾಲೇಜಿನ ರಿಜಿಸ್ಟರಿನಲ್ಲಿ ಇರುವುದು ತವರುಮನೆ ವಿಳಾಸ, ಮದುವೆಗೆ ಮುಂಚಿನ ಅಡ್ಡಹೆಸರು. ಪತ್ರ ಹಾಕಿದರೆ ಗದಗಿನ ಹಳೇ ಮನೆಗೆ ಹೋಗುತ್ತದೆ. ಆ ಮನೆಯಲ್ಲಿ ಈಗ ಬೇರೆ ಯಾರೋ ಇರುತ್ತಾರೆ. ಒಮ್ಮೆ ಮಂಡ್ಯದ ತರಕಾರಿ ಮಾರ್ಕೆಟ್ಟಿನಲ್ಲಿ ನನ್ನ ಹಿಂದಿನಿಂದ ಯಾರೋ ‘ಬದನಿಕಾಯಿ ಹ್ಯಾಂಗ ಕೊಟ್ರಿ’ ಎಂದರು. ತಿರುಗಿ ‘ಯಾವೂರ್ರೀ ನಿಮ್ದು’ ಎಂದೆ. ಅವರು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಎಂ.ಎಸ್ಸಿ. ಮಾಡಿದವರು. ಚೀಲ ಕೆಳಗಿಟ್ಟು ಅಲ್ಲಿನ ಬೊಟಾನಿಕಲ್ ಗಾರ್ಡನ್ನಿನ ಮರಗಳ ಹೆಸರು ಹೇಳತೊಡಗಿದರು. ಹೊಂಗೆ ಎನ್ನಲಿಲ್ಲ, ಪೊಂಗಾಮಿಯ ಎಂದರು. ಬೀದಿಯವರಿಗೆ ಅವರು ಎಂ.ಎಸ್ಸಿ. ಎನ್ನುವುದೇ ಗೊತ್ತಿಲ್ಲ. ಯಾವ ಪಟ್ಟಿ ತರಿಸಿದ್ದರೂ ಅವರು ನಮಗೆ ಸಿಗುತ್ತಿರಲಿಲ್ಲ. ಇಂಥವರು ಇನ್ನೆಷ್ಟು ಜನ ಇದ್ದಾರೋ. ಅವರನ್ನು ಬಾಯಿಂದ ಬಾಯಿಗೆ ಕೇಳಿಕೊಂಡೇ ಹುಡುಕಬೇಕು. ಬಳಗದಲ್ಲಿ ಈ ಕೆಲಸಕ್ಕೆ ಅಂತಲೇ ಒಬ್ಬಿಬ್ಬರು ಇರಲಿ.

ಇನ್ನು ಮೊದಲ ಸಭೆ. ದಸರಾ ಸಮಯ ಬೇಡ, ಮೈಸೂರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಲ್ಲರ ಮನೆಯಲ್ಲೂ ನೆಂಟರು. ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯುವ ದಿನಗಳೂ ಬೇಡ, ಮಂಡ್ಯದ ಕೃಷಿ ಪದವೀಧರರು ಆಗ ಗದ್ದೆ ಬಿಟ್ಟು ಬರುವುದಿಲ್ಲ. ಒಂದು ಸಲ ಮೈಸೂರಾದರೆ ಇನ್ನೊಂದು ಸಲ ಮಂಡ್ಯದಲ್ಲಿ ಸೇರಿ. ನಡುವೆ ಇರುವುದು ಸುಮಾರು 45 ಕಿಲೋಮೀಟರ್. ಯಾವಾಗಲೂ ಮಂಡ್ಯದವರೇ ಬರಲಿ ಎಂದರೆ ಎರಡನೇ ಸಭೆಗೆ ಅವರು ಇರುವುದಿಲ್ಲ. ವೇದಿಕೆ, ಹಾರ, ಶಾಲು ಯಾವುದೂ ಬೇಡ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದುಕೊಂಡು ಮಾತಾಡಬಹುದು. ಯಾರದಾದರೂ ಮನೆ ಜಗಲಿಯಲ್ಲಿ ಗಿರ್ಮಿಟ್ಟು ಮಾಡಿಕೊಂಡು ಕೂರಬಹುದು. ಮನೆಯಲ್ಲಿ ಎಂಥ ಸಂಘ ಎನ್ನುವವರಿಗೆ ಒಂದು ಮಾತು. ಮೈಸೂರಿನ ಬಾನುಲಿ ಶುರುವಾದದ್ದೇ ಮನೆಯಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು.

ನೋಂದಣಿಗೆ ಅವಸರ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಂಘ ನೋಂದಾಯಿಸಬಹುದು. ಆದರೆ ಆಮೇಲೆ ವರ್ಷವರ್ಷವೂ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಎಲ್ಲ ಮಾಡಲೇಬೇಕು. ದೇಣಿಗೆ ಎತ್ತುವ ಯೋಚನೆ ಬಂದಾಗ ನೋಡಿಕೊಳ್ಳೋಣ. ಅಲ್ಲಿಯವರೆಗೆ ಚಹಾ ಖರ್ಚನ್ನು ಹಂಚಿಕೊಂಡರೆ ಸಾಕು.

ಸುಮ್ನೆ ಹಳೇ ದಿನ ನೆನೆಯಲು ಮಾತ್ರ ಸೇರಿದರೆ ಬಳಗ ಜಾಸ್ತಿ ದಿನ ಬಾಳುವುದಿಲ್ಲ ಎಂಬುದು ನನ್ನ ಅನಿಸಿಕೆ. ಮಾಡಲು ಕೆಲಸವೂ ಇದೆ. ಮಂಡ್ಯದ ಹುಡುಗಿಯೊಬ್ಬಳಿಗೆ ಧಾರವಾಡದಲ್ಲಿ ಎಂ.ಎ. ಸೀಟು ಸಿಕ್ಕಿತು ಅಂತಿಟ್ಟುಕೊಳ್ಳಿ. ಅಪ್ಪ ಅಮ್ಮನಿಗೆ ನೂರು ಚಿಂತೆ. ಹಾಸ್ಟೆಲ್ ಹೇಗಿದೆ, ರೊಟ್ಟಿ ಊಟ ಹಿಡಿಸುತ್ತಾ, ಅಷ್ಟು ದೂರ ಒಬ್ಬಳೇ ಹೇಗೆ ಹೋಗಿಬರುತ್ತಾಳೆ? ಅಲ್ಲೇ ಹಾಸ್ಟೆಲ್ಲಿನಲ್ಲಿದ್ದು ಓದಿದ ಹೆಂಗಸೊಬ್ಬರು ಅವರ ಮನೆಗೆ ಹೋಗಿ ಅರ್ಧ ಗಂಟೆ ಕೂತು ಮಾತಾಡಿದರೆ ಆ ಸೀಟು ಉಳಿಯುತ್ತದೆ. ಹಾಗೇ ಹುಬ್ಬಳ್ಳಿ, ಗದಗದ ಕಡೆಯಿಂದ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಓದಲು ಬರುವ ಮಕ್ಕಳಿದ್ದಾರೆ. ಮೊದಲ ವಾರ ಅವರಿಗೆ ರೂಮು ಹುಡುಕುವುದೇ ಪಾಡು, ಇಲ್ಲಿನ ಸಾರಿನ ರುಚಿಯೂ ಹೊಸದು. ಅವರಿಗೊಂದು ಫೋನ್ ನಂಬರು ಕೊಡಿ. ಭಾನುವಾರ ಮನೆಗೆ ಕರೆದು ರೊಟ್ಟಿ, ಎಣ್ಣೆಗಾಯಿ ಬಡಿಸಿ.

ಸಂಚಾಲಕರು ಇಬ್ಬರಿರಲಿ, ಮೈಸೂರಿನಿಂದ ಒಬ್ಬರು, ಮಂಡ್ಯದಿಂದ ಒಬ್ಬರು. ವರ್ಷಕ್ಕೊಮ್ಮೆ ಬದಲಾಗಲಿ. ಮೊದಲ ಸಭೆಯಿಂದ ಏಳುವ ಮುಂಚೆ ಎರಡನೇ ಸಭೆಯ ದಿನ, ಜಾಗ ಎರಡನ್ನೂ ಗೊತ್ತುಮಾಡಿಕೊಳ್ಳಿ. ನಮಸ್ಕಾರ.