ಹವಾನಾ ಮುತ್ತಿಗೆ: ಲೂಟಿಯ ಲೆಕ್ಕವನ್ನೂ ನೋಡೋಣ

ನಮಸ್ಕಾರ. ಮುತ್ತಿಗೆಯ ಕಥೆ ಅಂದರೆ ಕೋಟೆ ಎಷ್ಟು ಗಟ್ಟಿ, ಸೇನಾಪತಿ ಎಷ್ಟು ಜಾಣ, ಇಷ್ಟೇ ಹೇಳಿ ಮುಗಿಸುತ್ತೇವೆ ಅಲ್ವಾ? ನನಗೆ ಅದು ಸಾಲದು. ಹವಾನಾದ ಕಥೆ ಓದಿದ ಮೇಲಂತೂ ಸುತರಾಂ ಸಾಲದು.

ಕ್ಯೂಬಾದ ಈ ಊರು 1555ರಲ್ಲೇ ಒಮ್ಮೆ ಸುಟ್ಟುಹೋಗಿತ್ತು. ಬೆಂಕಿ ಇಟ್ಟವನು ಜಾಕ್ ದ ಸೋರ್ ಅನ್ನುವ ಫ್ರೆಂಚ್ ಕಡಲ್ಗಳ್ಳ. ಆಮೇಲೆ ಸ್ಪೇನಿನವರು ಬಂದರಿನ ಬಾಯಲ್ಲಿ ಎಲ್ ಮೊರ್ರೋ ಕೋಟೆ ಕಟ್ಟಿದರು. 1762ರ ಜೂನ್‌ನಲ್ಲಿ, ಸ್ಪೇನಿನ ಜೊತೆ ಯುದ್ಧದಲ್ಲಿದ್ದ ಬ್ರಿಟಿಷರು ಹವಾನಾ ಹಿಡಿಯಲು ಬಂದರು. ಆದರೆ ಆ ಬಾಯಿಗೆ ನುಗ್ಗಲಿಲ್ಲ. ಪೂರ್ವಕ್ಕೆ, ಕೊಹಿಮಾರ್ ಹತ್ತಿರ ದಂಡು ಇಳಿಸಿದರು. ಹಡಗುಗಳ ಮುಖ್ಯಸ್ಥ ಜಾರ್ಜ್ ಪೊಕಾಕ್. ಕೆಲವೇ ವರ್ಷ ಮೊದಲು ನಮ್ಮ ಕೋರಮಂಡಲ ಕಡಲಲ್ಲಿ ಫ್ರೆಂಚರ ಜೊತೆ ಕಾದಾಡಿದವನು ಇವನೇ. ದಂಡಿನ ಯಜಮಾನ ಆಲ್ಬೆಮಾರ್ಲ್.

ಮೊರ್ರೋ ಪಕ್ಕದ ಲಾ ಕಬಾನ್ಯಾ ಗುಡ್ಡ ಸುಲಭವಾಗಿ ಸಿಕ್ಕಿತು. ಕಷ್ಟ ಶುರುವಾದದ್ದು ಆಮೇಲೆ. ಅಲ್ಲಿ ಬರೀ ಬಂಡೆ. ತೋಡೋಣ ಅಂದರೆ ಮಣ್ಣಿಲ್ಲ, ಕುಡಿಯೋಣ ಅಂದರೆ ನೀರಿಲ್ಲ. ಕಟ್ಟಿಗೆಯ ಹೊರೆ ಒಟ್ಟಿ ಫಿರಂಗಿಗಳಿಗೆ ಮರೆ ಮಾಡಿಕೊಂಡರು. ಬಿಸಿಲಿಗೆ ಒಣಗಿದ್ದ ಆ ಕಟ್ಟಿಗೆಗೆ ಜುಲೈ ಮೊದಲಲ್ಲಿ ಬೆಂಕಿ ಹತ್ತಿತು. ಪಟ್ಟ ಪಾಡೆಲ್ಲ ಬೂದಿ. ಮತ್ತೆ ಹೊರಬೇಕು. ಹೊತ್ತವರು ಸಿಪಾಯಿಗಳು, ನಾವಿಕರು, ಬೇರೆ ದ್ವೀಪಗಳಿಂದ ಕೊಂಡುತಂದ ಗುಲಾಮರು.

ಜುಲೈ 30ರಂದು ಮೊರ್ರೋ ಗೋಡೆಯ ಬುಡದಲ್ಲಿ ಬ್ರಿಟಿಷರು ಹೂತಿಟ್ಟ ಮದ್ದು ಸಿಡಿಯಿತು, ಕೋಟೆ ಅವರ ಕೈಗೆ ಬಿತ್ತು. ಮೊರ್ರೋ ಕಾಯುತ್ತಿದ್ದ ಲೂಯಿಸ್ ದೆ ವೆಲಾಸ್ಕೋ ಗುಂಡೇಟು ತಿಂದು ಮರುದಿನ ತೀರಿಕೊಂಡ. ಸ್ಪೇನ್ ತನ್ನ ಹಡಗಿಗೆ ಅವನ ಹೆಸರಿಟ್ಟಿತು. ಸಲ್ಲಬೇಕಾದ ಗೌರವವೇ. ಆದರೆ ಊರು ಉಳಿಸಲು ಗುಲಾಮರೂ ಹೋರಾಡಿದ್ದರು. ಅವರಲ್ಲಿ ಕೆಲವರಿಗಷ್ಟೇ ಬಿಡುಗಡೆ ಸಿಕ್ಕಿತು.

ಆಗಸ್ಟ್ ನಡುವಿಗೆ ಊರು ಶರಣಾಯಿತು. ಈಗ ಲೆಕ್ಕ ನೋಡಿ. ಅಕ್ಟೋಬರ್ ಹೊತ್ತಿಗೆ ಬ್ರಿಟಿಷ್ ದಂಡಿನಲ್ಲಿ ಯುದ್ಧದ ಗಾಯಕ್ಕೆ ಸತ್ತವರು ಸುಮಾರು 560. ಕಾಯಿಲೆಗೆ ಸತ್ತವರು ಸುಮಾರು 4,700. ಹಳದಿ ಜ್ವರ ಡೇರೆ ಡೇರೆಯನ್ನೇ ಖಾಲಿ ಮಾಡಿತು. ಲೂಟಿ ಹಂಚಿದಾಗ ಆಲ್ಬೆಮಾರ್ಲ್‌ಗೆ 1,22,697 ಪೌಂಡ್, ಪೊಕಾಕ್‌ಗೂ ಅಷ್ಟೇ. ಬದುಕುಳಿದ ಸಾಮಾನ್ಯ ಸಿಪಾಯಿಗೆ? 4 ಪೌಂಡ್ ಚಿಲ್ಲರೆ. ಮೂವತ್ತು ಸಾವಿರ ಪಟ್ಟು ವ್ಯತ್ಯಾಸ! ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಈ ಮುತ್ತಿಗೆಯನ್ನು ಬ್ರಿಟಿಷರ ದೊಡ್ಡ ಗೆಲುವು ಅಂತ ಸುಮ್ನೆ ಬರೆದುಬಿಡುವುದು ತಪ್ಪು. ಯಾರ ಗೆಲುವು ಅಂತ ಕೇಳಲೇಬೇಕು.

1763ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಫ್ಲೋರಿಡಾ ತೆಗೆದುಕೊಂಡು ಹವಾನಾವನ್ನು ಸ್ಪೇನಿಗೆ ವಾಪಸ್ ಕೊಟ್ಟಿತು. ಹಿಡಿದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ವ್ಯಾಪಾರಿಗಳು ಸಾವಿರಾರು ಆಫ್ರಿಕನ್ನರನ್ನು ಹಡಗಿನಲ್ಲಿ ತಂದು ಆ ಊರಲ್ಲಿ ಮಾರಿದ್ದರು. ಬ್ರಿಟಿಷ್ ದಂಡು ಹಡಗು ಹತ್ತಿತು. ಆ ಜನ ಕ್ಯೂಬಾದಲ್ಲೇ, ಗುಲಾಮರಾಗಿಯೇ ಉಳಿದರು.