ಪೋರ್ಟ್ ದೊಡ್ಡದಾದರೆ ಪವರ್ ಜಾಸ್ತಿ ಆಗುತ್ತಾ? ಮನೆಯಲ್ಲೇ ಹೆಡ್ ಪೋರ್ಟಿಂಗ್

[ದೃಶ್ಯ: ಬೆಂಚ್ ಮೇಲೆ ಬಿಚ್ಚಿಟ್ಟ ಸಿಲಿಂಡರ್ ಹೆಡ್. ಕ್ಯಾಮೆರಾ ನಿಧಾನವಾಗಿ ಇನ್‌ಟೇಕ್ ಪೋರ್ಟ್ ಒಳಗೆ ಇಣುಕುತ್ತದೆ.]

ಈ ತೂತು ಕಾಣಿಸುತ್ತಿದೆಯಾ? ಇದು ಸಿಲಿಂಡರ್ ಹೆಡ್, ಅಂದರೆ ಇಂಜಿನ್ ಸಿಲಿಂಡರಿನ ಮೇಲೆ ಕೂರುವ ಮುಚ್ಚಳ; ಈ ತೂತಿಗೆ ಪೋರ್ಟ್ ಅನ್ನುತ್ತಾರೆ. ಇಂಜಿನ್ ಒಳಗೆ ಗಾಳಿ ಹೋಗುವುದು ಇಲ್ಲಿಂದಲೇ. ನೀವು ಕಳಿಸುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. "ಈ ತೂತು ದೊಡ್ಡದು ಮಾಡಿ, ಒಳಗೆಲ್ಲ ಕನ್ನಡಿ ಥರ ಪಾಲಿಶ್ ಹೊಡೆದರೆ ಪವರ್ ಜಾಸ್ತಿ ಆಗುತ್ತೆ ಅಲ್ವಾ?"

ಕೇಳುವುದಕ್ಕೇನೋ ಸರಿಯಾಗಿಯೇ ಇದೆ. ದೊಡ್ಡ ತೂತು, ಜಾಸ್ತಿ ಗಾಳಿ, ಜಾಸ್ತಿ ಪವರ್. ಆದರೆ ಹಾಗೆ ಮಾಡಿದ ಎಷ್ಟೋ ಗಾಡಿಗಳು ಮೊದಲಿಗಿಂತ ಸೋಮಾರಿ ಆಗುತ್ತವೆ. ಪಿಕಪ್ ಹೋಗಿಬಿಡುತ್ತದೆ. ಯಾಕೆ ಅಂತ ಇವತ್ತು ನೋಡೋಣ. ಜೊತೆಗೆ, ಮನೆಯಲ್ಲೇ ಕೈಯಲ್ಲಿ ಪೋರ್ಟಿಂಗ್, ಅಂದರೆ ಪೋರ್ಟನ್ನು ಉಜ್ಜಿ ತಿದ್ದುವ ಕೆಲಸ, ಮಾಡುವವರು ಎಲ್ಲಿ ಉಜ್ಜಬೇಕು, ಎಲ್ಲಿ ಕೈ ಹಾಕಲೇಬಾರದು ಅನ್ನುವುದನ್ನೂ ನೋಡೋಣ.

ಫೋರ್ ಸ್ಟ್ರೋಕ್ ಇಂಜಿನ್ ಹೇಗೆ ಓಡುತ್ತದೆ ಅಂತ ನಿಮಗೆ ಗೊತ್ತಿದೆ. ಗಾಳಿ ಎಳೆಯುವ ಇನ್‌ಟೇಕ್, ಅದನ್ನು ಒತ್ತುವ ಕಂಪ್ರೆಷನ್, ಉರಿದು ಪಿಸ್ಟನ್ ತಳ್ಳುವ ಪವರ್, ಹೊಗೆ ಹೊರಹಾಕುವ ಎಕ್ಸಾಸ್ಟ್. ಎರಡು ಸುತ್ತಿಗೆ ಇದು ಒಂದು ಸಲ ಮುಗಿಯುತ್ತದೆ. ಮುಂದೆ ಹೋಗೋಣ.

[ಗ್ರಾಫಿಕ್: 6000 ಆರ್‌ಪಿಎಂ. ಸೆಕೆಂಡಿಗೆ 100 ಸುತ್ತು. ಇನ್‌ಟೇಕ್ ವಾಲ್ವ್ ತೆರೆಯುವುದು ಸೆಕೆಂಡಿಗೆ 50 ಸಲ.]

ಇಂಜಿನ್ 6000 ಆರ್‌ಪಿಎಂನಲ್ಲಿ ಓಡುತ್ತಿದೆ ಅಂದುಕೊಳ್ಳಿ. ಗಾಳಿಯ ಬಾಗಿಲಾದ ಇನ್‌ಟೇಕ್ ವಾಲ್ವ್, ಇಂಜಿನ್‌ನ ಕ್ರ್ಯಾಂಕ್ ಸುಮಾರು 240 ಡಿಗ್ರಿ ತಿರುಗುವ ತನಕ ತೆರೆದಿರುತ್ತದೆ ಅಂತಲೂ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಗಾಳಿಗೆ ಸಿಗುವ ಸಮಯ 7 ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ನಿಂತ ಗಾಳಿ ಹೊರಡಬೇಕು, ವೇಗ ಹಿಡಿಯಬೇಕು, ತಿರುವು ದಾಟಬೇಕು, ವಾಲ್ವ್ ಸುತ್ತ ನುಸುಳಿ ಸಿಲಿಂಡರ್ ತುಂಬಬೇಕು. ಜೋರಾಗಿ ಓಡುವ ಇಂಜಿನ್‌ನ ಪೋರ್ಟ್‌ನಲ್ಲಿ ಗಾಳಿಯ ವೇಗ ಸೆಕೆಂಡಿಗೆ 100 ಮೀಟರ್ ಆಸುಪಾಸಿಗೆ ಹೋಗುತ್ತದೆ. ಗಂಟೆಗೆ 360 ಕಿಲೋಮೀಟರ್!

ಈಗ ನನಗೆ ತುಂಬಾ ಇಷ್ಟವಾದ ಜಾಗಕ್ಕೆ ಬಂದೆವು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ.

ಪಿಸ್ಟನ್ ಕೆಳಗಿನ ತುದಿಗೆ ಬಂದ ಕೂಡಲೇ ಇನ್‌ಟೇಕ್ ವಾಲ್ವ್ ಮುಚ್ಚುತ್ತದೆ ಅಂತ ಪುಸ್ತಕದ ಚಿತ್ರಗಳಲ್ಲಿ ತೋರಿಸಿರುತ್ತಾರೆ. ನಿಜವಾದ ಇಂಜಿನ್‌ನಲ್ಲಿ ಹಾಗೆ ಆಗುವುದಿಲ್ಲ. ಪಿಸ್ಟನ್ ತಿರುಗಿ ಮೇಲೆ ಬರಲು ಶುರು ಮಾಡಿದ ಮೇಲೂ, 40ರಿಂದ 60 ಡಿಗ್ರಿ ತನಕ ವಾಲ್ವ್ ತೆರೆದೇ ಇರುತ್ತದೆ. ಪಿಸ್ಟನ್ ಮೇಲೆ ಬರುತ್ತಿದೆ, ಆದರೂ ಗಾಳಿ ಒಳಗೆ ಬರುತ್ತಲೇ ಇದೆ! ಯಾಕೆ? ಗಾಳಿಗೂ ತೂಕ ಇದೆ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ. 360 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವ ಆ ಗಾಳಿಯ ಕಂಬಕ್ಕೆ ತಟ್ಟನೆ ನಿಲ್ಲುವುದಕ್ಕೆ ಆಗುವುದಿಲ್ಲ. ತನ್ನ ರಭಸಕ್ಕೆ ತಾನೇ ನುಗ್ಗಿ ಸಿಲಿಂಡರನ್ನು ಇನ್ನಷ್ಟು ತುಂಬುತ್ತದೆ. ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಬಿಟ್ಟಿ ಸಿಕ್ಕಂತೆ ಅಂದರೂ ತಪ್ಪಿಲ್ಲ.

ಈಗ ನಮ್ಮ ಉತ್ಸಾಹಿ ಗೆಳೆಯ ಗ್ರೈಂಡರ್ ಹಿಡಿದು ಬರುತ್ತಾನೆ.

[ಗ್ರಾಫಿಕ್: 30 ಮಿ.ಮೀ. ಪೋರ್ಟ್ 34 ಮಿ.ಮೀ. ಆಗುತ್ತದೆ.]

30 ಮಿಲಿಮೀಟರ್ ಪೋರ್ಟ್ ಇದೆ. ಸುತ್ತಲೂ 2 ಮಿಲಿಮೀಟರ್ ಉಜ್ಜಿದ. ಬರೀ ಎರಡೇ ಅಲ್ವಾ ಅಂತ. ಪೋರ್ಟ್ 34 ಆಯಿತು. ವಿಸ್ತೀರ್ಣ 28 ಶೇಕಡಾ ಹೆಚ್ಚಿತು. ಅಷ್ಟೇ ಗಾಳಿ ಹೋಗುವಾಗ ವೇಗ 22 ಶೇಕಡಾ ಇಳಿಯಿತು. ರಭಸದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ನಡೆಯುತ್ತದೆ. ಹಾಗಾಗಿ ಪ್ರತಿ ಗ್ರಾಂ ಗಾಳಿಯ ಶಕ್ತಿ ಹತ್ತಿರ ಹತ್ತಿರ 40 ಶೇಕಡಾ ಮಾಯ! ಎರಡು ಮಿಲಿಮೀಟರ್‌ಗೆ ಇಷ್ಟು. ಕಡಿಮೆ ಆರ್‌ಪಿಎಂನಲ್ಲಿ ಗಾಳಿ ಮೊದಲೇ ನಿಧಾನ. ಈಗ ಇನ್ನೂ ನಿಧಾನ. ಪಿಸ್ಟನ್ ಮೇಲೆ ಬರುವಾಗ, ಒಳಗೆ ಬಂದ ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಪಿಕಪ್ ಹೋಗುವುದು ಹೀಗೆ.

ರೇಸ್ ಇಂಜಿನ್ ಕಟ್ಟುವವರಲ್ಲಿ ಕೆಲವರು ಇದರ ಉಲ್ಟಾ ಮಾಡುತ್ತಾರೆ. ಪೋರ್ಟ್‌ನ ನೆಲಕ್ಕೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ತುಂಬಿ ಅದನ್ನು ಎತ್ತರಿಸುತ್ತಾರೆ. ಅಂದರೆ ಪೋರ್ಟನ್ನು ಬೇಕಂತಲೇ ಚಿಕ್ಕದು ಮಾಡುತ್ತಾರೆ! ಅದರಿಂದ ಗಾಳಿಯ ದಾರಿ ನೇರವಾಗುತ್ತದೆ, ವೇಗ ಉಳಿಯುತ್ತದೆ.

ಹಾಗಾದರೆ ಪೋರ್ಟಿಂಗ್‌ನಲ್ಲಿ ಲಾಭ ಎಲ್ಲಿದೆ? ತಿರುವಿನಲ್ಲಿದೆ.

[ದೃಶ್ಯ: ಅರ್ಧಕ್ಕೆ ಕತ್ತರಿಸಿದ ಹೆಡ್. ಬೆರಳು ಒಳತಿರುವನ್ನು ತೋರಿಸುತ್ತದೆ.]

ಗಾಳಿ ಹೀಗೆ ಅಡ್ಡ ಬಂದು, ಇಲ್ಲಿ ವಾಲ್ವ್ ಕಡೆಗೆ ಕೆಳಗೆ ತಿರುಗಬೇಕು. ತಿರುವಿನ ಒಳಬದಿ ಇದೆಯಲ್ಲ, ಇದನ್ನು ಶಾರ್ಟ್ ಸೈಡ್ ಅನ್ನುತ್ತಾರೆ. ಬೈಕ್‌ನಲ್ಲಿ ಜೋರಾಗಿ ತಿರುವಿಗೆ ಹೋದರೆ ಏನಾಗುತ್ತದೆ? ಬೈಕ್ ಒಳಗಿನ ಅಂಚು ಹಿಡಿದು ತಿರುಗುವುದಿಲ್ಲ, ಹೊರಗಿನ ಅಂಚಿಗೆ ಎಳೆಯುತ್ತದೆ. ಗಾಳಿಯೂ ಅಷ್ಟೇ. ಒಳತಿರುವು ತೀರಾ ಚೂಪಾಗಿದ್ದರೆ ಗಾಳಿ ಗೋಡೆ ಬಿಟ್ಟು ಹಾರುತ್ತದೆ. ಅಲ್ಲಿ ಸುಳಿ ಏಳುತ್ತದೆ. ಸುಳಿ ಎದ್ದ ಜಾಗ ತೂತಿನ ಲೆಕ್ಕದಲ್ಲಿ ಇದೆ, ಕೆಲಸದ ಲೆಕ್ಕದಲ್ಲಿ ಇಲ್ಲ. ವಾಲ್ವ್‌ನ ಒಂದು ಪಕ್ಕದಿಂದ ಮಾತ್ರ ಗಾಳಿ ಚೆನ್ನಾಗಿ ಬರುತ್ತದೆ, ಇನ್ನೊಂದು ಪಕ್ಕ ಸುಮ್ನೆ ತೆರೆದುಕೊಂಡಿರುತ್ತದೆ.

ಒಂದು ಸೋಜಿಗ ನೋಡಿ. ಎಲ್ಲರೂ ಮೊದಲು ಕೆರೆಯುವುದು ಈ ಒಳತಿರುವಿನ ನೆಲವನ್ನೇ. ಯಾಕೆಂದರೆ ಕೈಗೆ ಸುಲಭವಾಗಿ ಸಿಗುತ್ತದೆ. ಅದನ್ನು ಕೆಳಕ್ಕೆ ಕೊರೆದಷ್ಟೂ ತಿರುವು ಇನ್ನೂ ಚೂಪಾಗುತ್ತದೆ. ಗ್ರೈಂಡರ್ ಹಿಡಿದು ಸಂಜೆಯೆಲ್ಲ ಕಷ್ಟಪಟ್ಟು ಪೋರ್ಟ್ ಹಾಳು ಮಾಡುವುದು ಅಂದರೆ ಇದೇ. ಅಲ್ಲಿ ಬೇಕಾದದ್ದು ಚೂಪು ಅಂಚನ್ನು ದುಂಡಗೆ ಮಾಡುವುದು ಮಾತ್ರ. ಆಳ ಮುಟ್ಟಬೇಡಿ.

ಅಲ್ಲಿ ಚೂಪು ಅಂಚು ಎಲ್ಲಿಂದ ಬರುತ್ತದೆ? ಹೆಡ್ ತಯಾರಾಗುವುದು ಎರಕ ಹೊಯ್ದು. ಆಮೇಲೆ ಮಷೀನ್‌ನಲ್ಲಿ ವಾಲ್ವ್ ಸೀಟಿನ, ಅಂದರೆ ಮುಚ್ಚಿದಾಗ ವಾಲ್ವ್ ಕೂರುವ ಅಂಚಿನ, ಜಾಗ ಕೊರೆಯುತ್ತಾರೆ. ಎರಕದ ಮೈ ಮತ್ತು ಮಷೀನ್ ಕೊರೆದ ಮೈ ಸೇರುವ ಕಡೆ ಒಂದು ಮೆಟ್ಟಿಲು ಉಳಿಯುತ್ತದೆ. ಸೀಟಿನ ಹಿಂದೆ ಬೆರಳು ಹಾಕಿ ನೋಡಿ, ಉಗುರಿಗೆ ತಾಗುತ್ತದೆ. ಗಾಳಿ ಅತಿ ಇಕ್ಕಟ್ಟಿನಲ್ಲಿ ಹೋಗುವ ಜಾಗದಲ್ಲೇ ಈ ಮೆಟ್ಟಿಲು! ಹಾಗಾಗಿ ಸೀಟಿನ ಆಚೆ ಈಚೆ ಒಂದು ಸೆಂಟಿಮೀಟರ್ ಚಿಲ್ಲರೆ ಜಾಗದಲ್ಲೇ ಹೆಚ್ಚಿನ ಲಾಭ ಇರುವುದು. ಆ ಮೆಟ್ಟಿಲನ್ನು ಮೆಲ್ಲಗೆ ಉಜ್ಜಿ ಸಮ ಮಾಡಿಬಿಡಿ. ಮನೆಯಲ್ಲಿ ಮೊದಲ ಸಲ ಮಾಡುವವರು ಇಷ್ಟು ಮಾಡಿ ನಿಲ್ಲಿಸಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಸೀಟಿನ ಹಿಂದಿನ ಆ ಕತ್ತಿನ ಜಾಗಕ್ಕೂ ಒಂದು ಅಳತೆ ಇದೆ. ವಾಲ್ವ್‌ನ ವ್ಯಾಸದ 85ರಿಂದ 90 ಶೇಕಡಾ ಸಾಮಾನ್ಯವಾಗಿ ಸರಿ. 40 ಮಿಲಿಮೀಟರ್ ವಾಲ್ವ್ ಇದ್ದರೆ 34ರಿಂದ 36. ಅದಕ್ಕಿಂತ ದೊಡ್ಡದು ಮಾಡಿದರೆ ಸೀಟಿನ ಕೋನಗಳಿಗೆ ಜಾಗವೇ ಉಳಿಯುವುದಿಲ್ಲ. ವಾಲ್ವ್ ಕೂರುವ 45 ಡಿಗ್ರಿ, ಅದರ ಒಂದು ಕಡೆ 30, ಇನ್ನೊಂದು ಕಡೆ 60, ಹೀಗೆ ಮೂರು ಕೋನ ಕತ್ತರಿಸುತ್ತಾರಲ್ಲ, ಅದು ಸುಮ್ನೆ ಅಲ್ಲ. ಗಾಳಿ ಹಂತ ಹಂತವಾಗಿ ತಿರುಗಲಿ ಅಂತ. ಈ ಕೆಲಸ ಮಾತ್ರ ಮಷೀನ್ ಇರುವವರಿಗೆ ಕೊಡಿ. ಸೀಟಿನ ಹಿಂದಿನ ಮೆಟ್ಟಿಲು ಉಜ್ಜುವಾಗಲೂ ಕೈ ಗ್ರೈಂಡರ್ ಸೀಟಿಗೆ ಮಾತ್ರ ತಾಗಲೇಬಾರದು. ಒಂದು ಹಳೇ ವಾಲ್ವ್ ಕೂರಿಸಿಕೊಂಡು ಕೆಲಸ ಮಾಡಿ, ಕೈ ಜಾರಿದರೆ ಏಟು ಅದಕ್ಕೆ ಬೀಳುತ್ತದೆ.

[ದೃಶ್ಯ: ಪಳಪಳ ಹೊಳೆಯುವ ಪೋರ್ಟ್‌ನ ಫೋಟೋ. ಭಕ್ತಿಗೀತೆ ಥರದ ಸಂಗೀತ.]

ಇನ್ನು ಕನ್ನಡಿ ಪಾಲಿಶ್. ಆಹಾ, ಎಂಥ ಫೋಟೋ! ಮುಖ ನೋಡಿಕೊಂಡು ತಲೆ ಬಾಚಬಹುದು. ಆದರೆ ಗೋಡೆಗೆ ತಾಗಿಕೊಂಡ ಗಾಳಿಯ ಪದರ ಹೇಗೂ ನಿಧಾನವಾಗಿಯೇ ಇರುತ್ತದೆ. ಹೊಳಪಿನಿಂದ ಹರಿವಿನಲ್ಲಿ ಆಗುವ ಫರಕು ಬಹಳ ಕಡಿಮೆ. ಕಾರ್ಬ್ಯುರೇಟರ್ ಗಾಡಿಯಲ್ಲಿ, ಪೋರ್ಟ್ ಒಳಗೆ ಇಂಜೆಕ್ಟರ್ ಇರುವ ಗಾಡಿಯಲ್ಲಿ ಪೆಟ್ರೋಲ್ ಹನಿಗಳೂ ಈ ದಾರಿಯಲ್ಲೇ ಬರುತ್ತವೆ. ಅವು ನುಣುಪು ಗೋಡೆಗೆ ಅಂಟಿ ತೆಳುವಾಗಿ ಹರಿಯುತ್ತವೆ. ಸ್ವಲ್ಪ ಒರಟಿದ್ದರೆ ಆ ಪದರ ಒಡೆದು ಮತ್ತೆ ಗಾಳಿಗೆ ಸೇರಲು ಅನುಕೂಲ. ಹಾಗಾಗಿ ಇನ್‌ಟೇಕ್‌ಗೆ 80 ಗ್ರಿಟ್‌ನ ಒರಟು ಉಜ್ಜು ಕಾಗದ ಸಾಕು. ನೇರ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮುವ ಇಂಜಿನ್‌ಗೆ ಈ ಕಾರಣ ಅನ್ವಯಿಸುವುದಿಲ್ಲ, ಅಲ್ಲೂ ಕನ್ನಡಿ ಬೇಕಿಲ್ಲ. ಎಕ್ಸಾಸ್ಟ್ ಪೋರ್ಟನ್ನು ಬೇಕಿದ್ದರೆ ನುಣುಪು ಮಾಡಿಕೊಳ್ಳಿ, ಯಾರೂ ಬೈಯುವುದಿಲ್ಲ.

ಸರಿ, ಮಾಡಿದ್ದು ಕೆಲಸ ಮಾಡಿದೆಯಾ ಅಂತ ಹೇಗೆ ಗೊತ್ತಾಗಬೇಕು? ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು, ಅಳೆಯಬೇಕು. ಇದನ್ನು ಪಟ್ಟು ಹಿಡಿದು ಮಾಡಿದವರಲ್ಲಿ ಮೊದಲಿಗರು ಹ್ಯಾರಿ ವೆಸ್ಲೇಕ್ ಎಂಬ ಬ್ರಿಟಿಷ್ ಇಂಜಿನಿಯರ್. 1920ರ ದಶಕದಲ್ಲೇ ಹೆಡ್‌ಗಳಲ್ಲಿ ಗಾಳಿಯ ಹರಿವು ಅಳೆದು ಬೆಂಟ್ಲಿಗೆ ಕೆಲಸ ಮಾಡಿಕೊಟ್ಟರು. 1948ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ ಇಂಜಿನ್‌ನ ಹೆಡ್‌ನಲ್ಲೂ ಅವರ ಕೈ ಇತ್ತು.

ಅಳೆಯುವ ಯಂತ್ರಕ್ಕೆ ಫ್ಲೋ ಬೆಂಚ್ ಅಂತ ಹೆಸರು. ಹೆಡ್ ಮೂಲಕ ಗಾಳಿ ಎಳೆದು, ವಾಲ್ವನ್ನು ಒಂದೊಂದೇ ಮಿಲಿಮೀಟರ್ ಎತ್ತುತ್ತಾ, ಎಷ್ಟು ಗಾಳಿ ಹೋಯಿತು ಅಂತ ನೋಡುತ್ತಾರೆ. ಹೋಲಿಸಲು ಸುಲಭ ಆಗಲಿ ಅಂತ ಹೆಚ್ಚಿನವರು 28 ಇಂಚು ಎತ್ತರದ ನೀರಿನ ಕಂಬದಷ್ಟು ಒತ್ತಡದಲ್ಲಿ ಅಳೆಯುತ್ತಾರೆ. ವ್ಯಾಕ್ಯೂಮ್ ಕ್ಲೀನರ್ ಮೋಟಾರ್, ಪಾರದರ್ಶಕ ಪೈಪ್, ಬಣ್ಣದ ನೀರು ಸೇರಿಸಿ ಮನೆಯಲ್ಲೇ ಒಂದನ್ನು ಕಟ್ಟಿಕೊಂಡವರೂ ಇದ್ದಾರೆ. ನನಗೆ ಇಷ್ಟವಾದ ಉಪಾಯ ಇನ್ನೂ ಸರಳ. ಸಣ್ಣ ತಂತಿಯ ತುದಿಗೆ ಒಂದು ತುಂಡು ದಾರ ಕಟ್ಟಿ ಪೋರ್ಟ್ ಒಳಗೆ ಹಿಡಿಯುವುದು. ಗಾಳಿ ಸರಿಯಾಗಿ ಹೋಗುವ ಕಡೆ ದಾರ ನೆಟ್ಟಗೆ ಚಾಚಿಕೊಳ್ಳುತ್ತದೆ. ಸುಳಿ ಇರುವ ಕಡೆ ಗಿರಗಿರ ಒದ್ದಾಡುತ್ತದೆ, ಕೆಲವೊಮ್ಮೆ ಹಿಂದಕ್ಕೇ ತಿರುಗಿ ನಿಲ್ಲುತ್ತದೆ! ಶಾರ್ಟ್ ಸೈಡ್ ಹತ್ತಿರ ಹಿಡಿದು ನೋಡಿ. ಇಷ್ಟು ಹೊತ್ತು ನಾನು ಬಾಯಲ್ಲಿ ಹೇಳಿದ್ದನ್ನು ದಾರ ಮೂರು ಸೆಕೆಂಡಿನಲ್ಲಿ ತೋರಿಸಿಬಿಡುತ್ತದೆ.

ಅಯ್ಯೋ, ಸಮಯ ನೋಡಿ! ತಿರುವಿನಲ್ಲೇ ಅರ್ಧ ವಿಡಿಯೋ ಹೋಯಿತು. ಉಳಿದದ್ದು ಬೇಗ ಬೇಗ.

[ಸ್ಕ್ರೀನ್ ಮೇಲೆ: ಡೈ ಗ್ರೈಂಡರ್, ಬರ್‌ಗಳು, ಸ್ಯಾಂಡಿಂಗ್ ರೋಲ್‌ಗಳು.]

ಡೈ ಗ್ರೈಂಡರ್ ಬೇಕು, ವೇಗ ಕಡಿಮೆ ಜಾಸ್ತಿ ಮಾಡುವ ಸೌಲಭ್ಯ ಇರಲಿ. ಅದರ ತುದಿಗೆ ಹಾಕಿ ಲೋಹ ಕೆರೆಯುವ ಹಲ್ಲಿನ ಉಪಕರಣವೇ ಬರ್. ಅಲ್ಯೂಮಿನಿಯಂ ಹೆಡ್‌ಗೆ ದೊಡ್ಡ ಹಲ್ಲಿನ ಕಾರ್ಬೈಡ್ ಬರ್, ಕ್ಯಾಸ್ಟ್ ಐರನ್‌ಗೆ ಹಲ್ಲು ಅಡ್ಡಡ್ಡ ಕತ್ತರಿಸಿರುವ ಡಬಲ್ ಕಟ್ ಬರ್. ಅದಲು ಬದಲಾದರೆ ಅಲ್ಯೂಮಿನಿಯಂ ಹಲ್ಲಿನೊಳಗೆ ಮೆತ್ತಿಕೊಂಡು ಬರ್ ಉಂಡೆ ಆಗುತ್ತದೆ. ಆಗಾಗ ಸ್ವಲ್ಪ ಮೇಣ ಅಥವಾ ಸೀಮೆಎಣ್ಣೆ ತಾಗಿಸುತ್ತಿರಿ. ಉದ್ದ ಕಾಲಿನ ಬರ್ ಹಾಕಿದಾಗ ವೇಗ ಇಳಿಸಿ, ಇಲ್ಲದಿದ್ದರೆ ಅದು ಬಗ್ಗಿ ಚಾವಟಿ ಆಗುತ್ತದೆ. ಕಣ್ಣಿಗೆ ಗಾಗಲ್ಸ್, ಮೂಗಿಗೆ ಮಾಸ್ಕ್. ಇದರಲ್ಲಿ ಜಾಣತನ ಬೇಡ, ಹಾಕಿಕೊಳ್ಳಿ.

ಪೋರ್ಟ್ ಗೋಡೆಯ ಆಚೆ ನೀರಿನ ಜಾಕೆಟ್, ಅಂದರೆ ಇಂಜಿನ್ ತಣಿಸುವ ನೀರು ಹರಿಯುವ ಜಾಗ, ಇರುತ್ತದೆ. ಗೋಡೆಯ ದಪ್ಪ ಕೆಲವೇ ಮಿಲಿಮೀಟರ್. ತೂತು ಬಿದ್ದರೆ ಹೆಡ್ ವೆಲ್ಡಿಂಗ್‌ಗೆ ಅಥವಾ ಗುಜರಿಗೆ. ಗಾಳಿಯಿಂದ ತಣ್ಣಗಾಗುವ ಇಂಜಿನ್‌ನವರಿಗೆ ಈ ಭಯ ಇಲ್ಲ, ಅದೃಷ್ಟವಂತರು. ವಾಲ್ವ್‌ನ ಕಡ್ಡಿ ಜಾರುವ ಕೊಳವೆಗೆ ವಾಲ್ವ್ ಗೈಡ್ ಅನ್ನುತ್ತಾರೆ. ಅದರ ಸುತ್ತಲಿನ ಉಬ್ಬನ್ನು ತೆಳ್ಳಗೆ ಮಾಡಬಹುದು, ಪೂರ್ತಿ ತೆಗೆಯಬೇಡಿ. ಅದರಲ್ಲೂ ಎಕ್ಸಾಸ್ಟ್ ಕಡೆ ಬೇಡವೇ ಬೇಡ. ಬಿಸಿ ವಾಲ್ವ್ ತನ್ನ ಶಾಖದ ಒಂದು ಪಾಲನ್ನು ಗೈಡ್ ಮೂಲಕವೇ ಬಿಡುವುದು.

ಒಂದಕ್ಕಿಂತ ಜಾಸ್ತಿ ಸಿಲಿಂಡರ್ ಇದ್ದರೆ ಎಲ್ಲ ಪೋರ್ಟೂ ಒಂದೇ ಥರ ಬರಬೇಕು. ಒಂದು ಪೋರ್ಟ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಒಂದೊಂದು ಹಂತವನ್ನು ಎಲ್ಲ ಪೋರ್ಟ್‌ಗಳಲ್ಲೂ ಮುಗಿಸಿ ಮುಂದಿನ ಹಂತಕ್ಕೆ ಹೋಗಿ. ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ದ್ರವ ತುಂಬಿ ಪ್ರತಿ ಪೋರ್ಟ್ ಎಷ್ಟು ಹಿಡಿಸುತ್ತದೆ ಅಂತ ಅಳೆದು ತಾಳೆ ನೋಡಿ.

ಹೆಡ್‌ಗೆ ಗಾಳಿ ತರುವ ಪೈಪ್, ಅಂದರೆ ಮ್ಯಾನಿಫೋಲ್ಡ್, ಸೇರುವ ಕಡೆ ಇನ್‌ಟೇಕ್‌ನಲ್ಲಿ ಗಾಳಿಗೆ ಎದುರಾಗುವ ಮೆಟ್ಟಿಲು ಇರಬಾರದು. ಎಕ್ಸಾಸ್ಟ್‌ನಲ್ಲಿ ಪೈಪ್ ಪೋರ್ಟ್‌ಗಿಂತ ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದೇ, ಹೊಗೆ ವಾಪಸ್ ಬರುವುದಕ್ಕೆ ಆ ಮೆಟ್ಟಿಲು ತಡೆ ಆಗುತ್ತದೆ.

ಮುಗಿದ ಮೇಲೆ ಬಿಸಿ ಸೋಪು ನೀರು, ಬ್ರಷ್, ಮತ್ತೆ ನೀರು. ಎಣ್ಣೆ ಹೋಗುವ ಸಣ್ಣ ದಾರಿಗಳನ್ನು ಬಿಡಬೇಡಿ, ಲೋಹದ ಒಂದು ಚೂರು ಉಳಿದರೂ ಬೇರಿಂಗ್ ಹೋಗುತ್ತದೆ. ವಾಲ್ವ್ ಲ್ಯಾಪಿಂಗ್ ಮಾಡಿ, ಅಂದರೆ ಉಜ್ಜುವ ಪೇಸ್ಟ್ ಹಚ್ಚಿ ವಾಲ್ವನ್ನು ಸೀಟಿನ ಮೇಲೆ ತಿರುಗಿಸಿ ಹೊಂದಿಸಿ, ಪೇಸ್ಟ್ ಪೂರ್ತಿ ತೊಳೆದು, ಸ್ಪ್ರಿಂಗ್ ಸಮೇತ ಕೂರಿಸಿ. ಪೋರ್ಟ್‌ಗೆ ಸೀಮೆಎಣ್ಣೆ ಹೊಯ್ದು ಆ ಕಡೆ ಒಸರುತ್ತದಾ ನೋಡಿ. ಒಸರಿದರೆ ಮತ್ತೆ ಲ್ಯಾಪಿಂಗ್.

ಗಾಡಿ ಶುರು ಮಾಡಿದ ಮೇಲೂ ಒಂದು ಕೆಲಸ ಬಾಕಿ ಇದೆ. ಗಾಳಿ ಜಾಸ್ತಿ ಬಂದರೆ ಪೆಟ್ರೋಲೂ ಅದಕ್ಕೆ ತಕ್ಕಂತೆ ಬರಬೇಕು. ಕಾರ್ಬ್ಯುರೇಟರ್ ಇದ್ದರೆ ಪೆಟ್ರೋಲ್ ಬಿಡುವ ಸಣ್ಣ ತೂತು, ಅಂದರೆ ಮೇನ್ ಜೆಟ್ ನೋಡಿ, ಇಂಜೆಕ್ಷನ್ ಇದ್ದರೆ ಟ್ಯೂನಿಂಗ್ ಮಾಡಿಸಿ. ಅದಕ್ಕೂ ಮೊದಲು ಫುಲ್ ಥ್ರಾಟಲ್ ಕೊಟ್ಟು ಖುಷಿಪಡಲು ಹೋಗಬೇಡಿ, ಮಿಶ್ರಣ ಲೀನ್ ಆಗಿದ್ದರೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿದ್ದರೆ, ಪಿಸ್ಟನ್ ಸುಡುತ್ತದೆ.

[ದೃಶ್ಯ: ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಕೊನೆಯ ಸ್ಲೈಡ್.]